ಉಪ್ಪಾಗೆ ಡೀಸೆಲ್

ನನ್ನ ಹೆಸರು ಪೇಪರಿನಲ್ಲಿ ಒಂದೇ ಒಂದು ಸಲ ಬಂದಿದೆ. ಫೋಟೋದಲ್ಲಿ ನನ್ನ ಕಣ್ಣು ಮುಚ್ಚಿದೆ. ಆದರೆ ಕೆಳಗೆ ‘ಜೈವಿಕ ಇಂಧನ ತಜ್ಞ ಕಮಲಾಕರ ಹೆಗಡೆ, ದೊಡ್ಮನೆ’ ಎಂದು ಸ್ಪಷ್ಟವಾಗಿ ಅಚ್ಚಾಗಿದೆ. ತಜ್ಞ ಎಂದು ಬರೆದವನು ವರದಿಗಾರನಲ್ಲ. ಪಾಪ, ಅವನು ‘ಕೃಷಿಕ’ ಎಂದು ಬರೆದುಕೊಂಡಿದ್ದ. “ಅದು ಸ್ವಲ್ಪ ಸಾಮಾನ್ಯವಾಯಿತು, ಓದುವವರಿಗೆ ವಿಷಯದ ಗಾಂಭೀರ್ಯ ತಿಳಿಯಬೇಕಲ್ಲ” ಎಂದು ಅವನ ಪುಸ್ತಕದೊಳಗೆ ಬಗ್ಗಿ ಸೂಚಿಸಿದವನು ನಾನು. ಈಗ ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ನಗುತ್ತ “ಏನು ತಜ್ಞರೇ” ಎಂದು ಕೂಗಿದರೆ ತಿರುಗಿ ನೋಡಲೇಬೇಕಾಗಿದೆ.

ನನ್ನ ಅರ್ಹತೆಗಳನ್ನು ಹೇಳಿಬಿಡುತ್ತೇನೆ. ಮೂವತ್ತು ವರ್ಷಗಳ ಹಿಂದೆ ರಸಾಯನಶಾಸ್ತ್ರದಲ್ಲಿ ಬಿಎಸ್ಸಿ, ಎರಡನೇ ದರ್ಜೆ. ಶಿರಸಿಯಲ್ಲಿ ನಡೆದ ಒಂದು ದಿನದ ಕಾರ್ಯಾಗಾರ, ಊಟ ಸಹಿತ. ಅದರಲ್ಲೂ ಊಟದ ನಂತರದ ಗೋಷ್ಠಿಯಲ್ಲಿ ನಿದ್ದೆ ಬಂದಿತ್ತು.

ಎಲ್ಲಕ್ಕೂ ಮೂಲ ನನ್ನ ಹಳೆಯ ಬೈಕು. ಬಂಕಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸಲು ಶುರು ಮಾಡಿದ ಮೇಲಿನ ಮೊದಲ ಮಳೆಗಾಲದಲ್ಲಿ ಅದು ನಿಂತೇಹೋಯಿತು. ಸಿದ್ದಾಪುರದಲ್ಲಿ ಗ್ಯಾರೇಜು ಇಟ್ಟಿರುವ ಸಂದೇಶ ಟ್ಯಾಂಕಿನಲ್ಲಿದ್ದದ್ದನ್ನು ಒಂದು ಬಾಟಲಿಗೆ ಇಳಿಸಿ ತೋರಿಸಿದ. ಮೇಲೆ ಪೆಟ್ರೋಲು, ಕೆಳಗೆ ಎಥೆನಾಲು ಕುಡಿದ ನೀರು, ನಡುವೆ ಗೆರೆ ಎಳೆದಂತೆ.

“ಎಥೆನಾಲು ಗಾಳಿಯಿಂದನೇ ನೀರು ಎಳ್ಕೊಳ್ತದೆ ಕಮಲಾಕರಣ್ಣ. ನಮ್ಮೂರ ಗಾಳಿ ಅರ್ಧ ನೀರೇ. ಹದಿನೈದು ದಿವಸ ಸುಮ್ನೆ ನಿಲ್ಲಿಸ್ಬೇಡಿ, ದಿನಾ ಒಂದು ಸುತ್ತು ಓಡ್ಸಿ, ಅಷ್ಟೇ,” ಎಂದ.

ದಿನಾ ಒಂದು ಸುತ್ತು ಓಡಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಬೈಕು ಓಡಿಸುವ ಬದಲು ಭಾಷಣ ಮಾಡಲು ಹೊರಟೆ. ‘ಅನ್ನವೋ ಇಂಧನವೋ’ ಎಂಬ ಹೆಸರಿನಲ್ಲಿ ಸೊಸೈಟಿಯ ಸಭಾಭವನ, ಯುವಕ ಸಂಘ, ಒಂದು ಮದುವೆ ಮನೆಯ ಪಂಕ್ತಿಯ ನಡುವೆ ಸಹ, ಒಟ್ಟು ಆರು ಕಡೆ ಮಾತಾಡಿದೆ. ಒಂದು ಲೀಟರ್ ಎಥೆನಾಲಿಗೆ ಕಬ್ಬು ಕುಡಿಯುವ ನೀರೆಷ್ಟು, ಉಣ್ಣುವ ಅಕ್ಕಿ ಟ್ಯಾಂಕಿಗೆ ಹೋಗುವುದು ಹೇಗೆ, ಮೈಲೇಜು ಇಳಿಯುವುದು ಏಕೆ, ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ತೋರಿಸಿದೆ. ಮೇಜು ಗುದ್ದಿದೆ. ಚಪ್ಪಾಳೆ ಬಿತ್ತು.

ಬನವಾಸಿ ಕಡೆಯ ಒಬ್ಬ ರೈತ ಮಾತ್ರ ಎದ್ದು ನಿಂತ. “ಸರ, ನೀವು ಹೇಳೂದು ಖರೇನ ಇರಬಹುದು. ಆದ್ರ ನಮ್ಮ ಗೋವಿನಜೋಳಕ್ಕ ಒಂದು ರೇಟು ಅಂತ ಕಂಡಿದ್ದು ಈ ಎಥೆನಾಲ್ ಫ್ಯಾಕ್ಟರಿ ಆದ ಮ್ಯಾಲ ನೋಡ್ರಿ. ಬಂದ್ ಮಾಡ್ರಿ ಅಂತೀರೇನು?”

“ಒಳ್ಳೆಯ ಪ್ರಶ್ನೆ,” ಎಂದು ಹೇಳಿ ನೀರು ಕುಡಿದೆ. ಉತ್ತರ ಗೊತ್ತಿಲ್ಲದ ತಜ್ಞರೆಲ್ಲ ಹಾಗೆ ಹೇಳುತ್ತಾರೆಂದು ಕಾರ್ಯಾಗಾರದಲ್ಲಿ ಗಮನಿಸಿದ್ದೆ.

ಮನೆಗೆ ಬಂದರೆ ಹೆಂಡತಿ ಪರಿಮಳಾ ಹಿಂಡಿ ಚೀಲ ಬಿಚ್ಚುತ್ತಿದ್ದಳು. ನಮ್ಮಲ್ಲಿ ಎರಡು ದನ, ಅವುಗಳ ಪೂರ್ತಿ ಜವಾಬ್ದಾರಿ ಅವಳದು. “ಜೋಳ ಎಲ್ಲಾ ಬೈಕಿಗೇ ಹಾಕಿದ್ರೆ ದನಕ್ಕೆ ಎಂತ ಹಾಕವು? ಹಿಂಡಿ ರೇಟು ನೋಡಿದ್ರಾ ನಿಂಗ?” ಎಂದಳು. ರೈತ ಹೇಳಿದ್ದೂ ಸರಿ, ಇವಳು ಹೇಳಿದ್ದೂ ಸರಿ. ಇಬ್ಬರೂ ಸರಿಯಾಗಿರುವುದು ನನಗೆ ಬಹಳ ಬೇಸರ ತಂದಿತು. ಯಾರ ಗದ್ದೆಯನ್ನೂ ಬೇಡದ, ಯಾರ ಬಾಯಿಂದಲೂ ಕಸಿಯದ ಇಂಧನವನ್ನು ನಾನೇ ಮಾಡಿ ತೋರಿಸುತ್ತೇನೆ ಎಂದು ಅಂದೇ ತೀರ್ಮಾನಿಸಿದೆ.

ಹೀಗೆ ನನ್ನ ಕಣ್ಣು ಉಪ್ಪಾಗೆ ಬೀಜದ ಮೇಲೆ ಬಿತ್ತು.

ಉಪ್ಪಾಗೆ ಗೊತ್ತಿಲ್ಲದವರಿಗೆ ಎರಡು ಮಾತು. ಮುರುಗಲಿನ, ಅಂದರೆ ಕೋಕಂನ ಬಳಗದ ಹುಳಿ ಹಣ್ಣು ಅದು, ಆಷಾಢದ ಹೊತ್ತಿಗೆ ಬೆಟ್ಟದಲ್ಲಿ ಉದುರುತ್ತದೆ. ನಮ್ಮವರು ಉದುರಿದ್ದನ್ನು ಹೆಕ್ಕಿ ತಂದು, ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸಿ ಮಾರುತ್ತಾರೆ. ಬೀಜವನ್ನು ಯಾರೂ ಕೊಳ್ಳುವುದಿಲ್ಲ. ಯಾರೂ ಕೊಳ್ಳುವುದಿಲ್ಲ ಎಂಬುದನ್ನು ನಾನು ಯಾರಿಗೂ ಬೇಡ ಎಂದು ಅರ್ಥ ಮಾಡಿಕೊಂಡೆ. ಹೆಂಗಸರು ಆ ಬೀಜವನ್ನು ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಜಿಡ್ಡನ್ನು ತೆಗೆದು ಆರಿಸಿ ಗಟ್ಟಿ ಮಾಡುತ್ತಾರೆ. ಅದೇ ಉಪ್ಪಾಗೆ ತುಪ್ಪ. ಐವತ್ನಾಲ್ಕು ವರ್ಷ ದೋಸೆಯ ಮೇಲೆ ಅದನ್ನು ಸವರಿಕೊಂಡು ತಿಂದ ನನಗೆ, ಬೀಜ ನೋಡಿದಾಗ ಅದು ನೆನಪಾಗದೆ ರಸಾಯನಶಾಸ್ತ್ರ ನೆನಪಾಯಿತು.

ಆ ತುಪ್ಪ ನಮ್ಮ ಮನೆಗೆ ಬರುತ್ತಿದ್ದದ್ದು ನಾಗಿಯಿಂದ. ನಮ್ಮ ತೋಟಕ್ಕೆ ಸೊಪ್ಪು ತರುವ ಬೆಟ್ಟದ ಆಚೆ ಮಗ್ಗುಲಿಗೆ ಅವಳ ಮನೆ. ಕಾಲುದಾರಿಯಲ್ಲಿ ಎರಡು ಕಿಲೋಮೀಟರು, ರಸ್ತೆ ಸುತ್ತಿದರೆ ಏಳು. ಸ್ವಂತ ಗದ್ದೆ, ಚಿಕ್ಕ ತೋಟ, ನನಗಿಂತ ಐದಾರು ವರ್ಷ ದೊಡ್ಡವಳು. ನನ್ನ ಅಪ್ಪ ಅವಳನ್ನು ‘ನಾಗಿ’ ಎನ್ನುತ್ತಿದ್ದ. ನಾನು ಸುಧಾರಿಸಿದವನೆಂದು ತೋರಿಸಿಕೊಳ್ಳಲು ‘ನಾಗಕ್ಕ’ ಎನ್ನುತ್ತೇನೆ. ಪ್ರತಿವರ್ಷ ಮಳೆ ಕಡಿಮೆಯಾದ ಮೇಲೆ ಅವಳು ಬಾಳೆಲೆಯಲ್ಲಿ ಸುತ್ತಿದ ಒಂದು ಉಂಡೆ ತುಪ್ಪ ತಂದುಕೊಡುವುದು, ಪರಿಮಳಾ ಒಂದು ಕಟ್ಟು ಹಲಸಿನ ಹಪ್ಪಳ, ಒಂದು ಪಾವು ಕಾಳುಮೆಣಸು ಕೊಡುವುದು. ಇದರಲ್ಲಿ ಯಾರೂ ಯಾರಿಗೂ ದುಡ್ಡು ಕೊಟ್ಟದ್ದಿಲ್ಲ.

ಹೋದ ಆಗಸ್ಟಿನಲ್ಲಿ ಬೀಜಕ್ಕೆ ಕಿಲೋಗೆ ಇಷ್ಟು ಎಂದು ದರ ಸಾರಿದೆ. ಮೂರೇ ದಿನದಲ್ಲಿ ಸುತ್ತಲಿನ ಮನೆಗಳಿಂದ ಚೀಲಗಳು ಬಂದವು. ನಾಗಿಯೂ ಎರಡು ಚೀಲ ಹೊರಿಸಿಕೊಂಡು ಬಂದಳು. ಮೂರನೆಯದನ್ನು ಕೊಡಲು ಹಿಂದೆಮುಂದೆ ನೋಡಿದಳು.

“ಇದೊಂದು ನಾ ಇಟ್ಕಳ್ತೆ ಹೆಗಡೇರೇ. ಸೌಮ್ಯಂಗೆ ಪುಷ್ಯದಾಗೆ ದಿನ ತುಂಬ್ತದೆ. ಬಾಣಂತಿ ಅನ್ನಕ್ಕೆ ತುಪ್ಪ ಬೇಕಲ್ರಾ.”

ಸೌಮ್ಯ ಅವಳ ಒಬ್ಬಳೇ ಮಗಳು. ಮದುವೆಯಾಗಿ ಎಂಟು ವರ್ಷಕ್ಕೆ ಬಸುರಾಗಿದ್ದಳು. ಅವರ ಮನೆಯಲ್ಲಿ ಬಾಣಂತಿಗೆ ಬಿಸಿ ಅನ್ನ, ಉಪ್ಪಾಗೆ ತುಪ್ಪ, ಕಾಳುಮೆಣಸಿನ ಸಾರು, ಇಷ್ಟನ್ನು ತಿಂಗಳೊಪ್ಪತ್ತು ಉಣಿಸುವುದು ನಾಗಿಯ ಅತ್ತೆಯ ಕಾಲದಿಂದ ನಡೆದು ಬಂದದ್ದು.

“ಕೈಯಲ್ಲಿ ಕುಟ್ಟಿ ಕುದಿಸಿ ಯಾಕೆ ಒದ್ದಾಡ್ತೀ ನಾಗಕ್ಕ?” ಎಂದೆ. “ಎಲ್ಲಾ ನನಗೇ ಕೊಡು. ಶಿರಸಿಯಲ್ಲಿ ಮಿಲ್ಲಿಗೆ ಹಾಕ್ಸಿ ಶುದ್ಧ ತುಪ್ಪ ನಾಕು ಕಿಲೋ ನಿನ್ನ ಪಾಲಿಗೆ ತೆಗೆದಿಡ್ತೇನೆ. ಹೆರಿಗೆ ಆದ ಮೇಲೆ ಬಂದು ತಗೊಂಡು ಹೋಗು.”

“ಮರೀಬೇಡಿ ಮತ್ತೆ,” ಎಂದಳು.

“ನಾನಾ? ಮರೀತೇನಾ?” ಎಂದೆ. ಆ ಹೊತ್ತಿಗೆ ಅದು ನಿಜವಾದ ಮಾತೇ ಆಗಿತ್ತು. ಮಿಲ್ಲಿನಿಂದ ಬಂದ ದಿನ ನಾಲ್ಕು ಕಿಲೋ ತುಪ್ಪವನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಬೇರೆ ತೆಗೆದಿಟ್ಟೆ ಕೂಡ.

ಡೀಸೆಲ್ ಮಾಡುವ ಯಂತ್ರವನ್ನು ಸಂದೇಶ ಹಳೆಯ ಡ್ರಮ್ಮಿಗೆ ಬೆಸುಗೆ ಹಾಕಿ ತಯಾರಿಸಿಕೊಟ್ಟ. ಹುಬ್ಬಳ್ಳಿಯಿಂದ ಮೆಥನಾಲ್ ಬಂತು, ಕಾಸ್ಟಿಕ್ ಸೋಡಾ ಬಂತು. ತುಪ್ಪ ಕರಗಿಸಿ, ಬಿಸಿ ಮಾಡಿ, ಇವೆರಡನ್ನು ಬೆರೆಸಿ ತಿರುಗಿಸಬೇಕು. ತಳದಲ್ಲಿ ಗ್ಲಿಸರಿನ್ ಕೂರುತ್ತದೆ, ಮೇಲಿನದು ಡೀಸೆಲ್. ಅದನ್ನು ನೀರಿನಲ್ಲಿ ಮೂರು ನಾಲ್ಕು ಸಲ ತೊಳೆಯಬೇಕೆಂದು ಕಾರ್ಯಾಗಾರದಲ್ಲಿ ಹೇಳಿದ್ದರು. ನಾನು ಒಂದು ಸಲ ತೊಳೆದೆ. ಉಳಿದದ್ದನ್ನು ಅವರು ಹೇಳಿದ್ದು ಊಟದ ನಂತರದ ಗೋಷ್ಠಿಯಲ್ಲಿರಬೇಕು. ಇಷ್ಟೆಲ್ಲ ಮಾಡಿ ಮೂವತ್ತು ಲೀಟರಿನ ಗೆರೆ ಮುಟ್ಟುವಷ್ಟರಲ್ಲಿ ಎರಡು ಗಾಡಿ ಕಟ್ಟಿಗೆ ಬೂದಿಯಾಗಿತ್ತು.

“ಬಂಕಿನ ನಾಕು ಲೀಟರಿನ ದುಡ್ಡಲ್ಲಿ ನಿಂಗಳದು ಒಂದು ಲೀಟರ್ ಆತು. ಕಟ್ಟಿಗೆ ಲೆಕ್ಕಕ್ಕೆ ಹಿಡದ್ದಿಲ್ಲೆ ಆನು,” ಎಂದಳು ಪರಿಮಳಾ.

“ಇದು ಪರಿಸರಸ್ನೇಹಿ,” ಎಂದೆ.

“ಯಾವ ಪರಿಸರಕ್ಕೆ ಸ್ನೇಹ? ಕಟ್ಟಿಗೆ ಬಂದಿದ್ದು ಎಲ್ಲಿಂದ?” ಎಂದಳು. ಒಳ್ಳೆಯ ಪ್ರಶ್ನೆ ಎಂದು ಹೆಂಡತಿಯ ಹತ್ತಿರ ಹೇಳಲಾಗುವುದಿಲ್ಲ. ಹೇಳಿ ನೋಡಿದ್ದೇನೆ.

ಮೂವತ್ತರ ಗೆರೆ ಮುಟ್ಟಿತು ಎಂದೆನಲ್ಲ, ಅಲ್ಲಿಯೇ ನನ್ನ ಪಾಪ ಇರುವುದು. ವರದಿಗಾರ ಬರುವ ದಿನ ಡ್ರಮ್ಮು ಇಪ್ಪತ್ತಾರಕ್ಕೆ ನಿಂತಿತ್ತು. ಅವನಿಗೆ ಫೋನಿನಲ್ಲಿ ಮೂವತ್ತು ಲೀಟರ್ ಎಂದು ಹೇಳಿಯಾಗಿತ್ತು. ಗಾಜಿನ ಕೊಳವೆಯಲ್ಲಿ ಮಟ್ಟ ಕಾಣುತ್ತದೆ, ಫೋಟೋದಲ್ಲೂ ಕಾಣುತ್ತದೆ. ಮೂಲೆಯಲ್ಲಿ ನಾಗಿಯ ಸ್ಟೀಲ್ ಡಬ್ಬಿ ಇತ್ತು. ಹೆರಿಗೆಗೆ ಇನ್ನೂ ಮೂರು ತಿಂಗಳಿದೆ, ಅಷ್ಟರಲ್ಲಿ ಎಲ್ಲಿಂದಾದರೂ ತಂದು ತುಂಬಿಸಿದರಾಯಿತು ಎಂದುಕೊಂಡು ಡಬ್ಬಿಯನ್ನು ಡ್ರಮ್ಮಿಗೆ ಮಗುಚಿದೆ. ಮಗುಚುವಾಗ ಫೋಟೋಕ್ಕೆ ಯಾವ ಅಂಗಿ ಹಾಕಿಕೊಳ್ಳಲಿ ಎಂದು ಯೋಚಿಸುತ್ತಿದ್ದೆ.

ಅಕ್ಟೋಬರಿನ ಬಿಸಿಲಿನಲ್ಲಿ ನಮ್ಮ ಹಳೆಯ ಜೀಪು ಆ ಡೀಸೆಲ್ಲಿನಲ್ಲಿ ಚೆನ್ನಾಗಿಯೇ ಓಡಿತು. ಹೊಗೆಗೆ ದೋಸೆ ಹುಯ್ದ ವಾಸನೆ ಬೇರೆ. ನನ್ನ ಜೀಪು ಹೋದ ಮೇಲೆ ಊರಿನವರಿಗೆಲ್ಲ ಹಸಿವಾಗುತ್ತದೆ ಎಂದು ತಮಾಷೆ ಹುಟ್ಟಿತು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ. ಪೇಪರ್ ನೋಡಿದ ವ್ಯಾಪಾರಿಯೊಬ್ಬ, ಹೇಗೂ ಫ್ಯಾಕ್ಟರಿ ಬರುತ್ತದೆಂದು, ಯಲ್ಲಾಪುರದವರೆಗೂ ಜನ ಕಳಿಸಿ ಮನೆಮನೆಯಲ್ಲಿ ಉಳಿದಿದ್ದ ಬೀಜವನ್ನೆಲ್ಲ ಎತ್ತಿಕೊಂಡು ಹೋದ. ಅದಕ್ಕೂ ನಾನು ಹೆಮ್ಮೆಪಟ್ಟೆ. ಆ ಬೀಜಕ್ಕೆ ಗೋದಾಮಿನಲ್ಲಿ ಹುಳ ಹಿಡಿಯಿತೆಂದು ಆಮೇಲೆ ತಿಳಿಯಿತು.

ನಾಗಿಯ ಡಬ್ಬಿ ತುಂಬಿಸುವುದು ಇವತ್ತು ನಾಳೆ ಎನ್ನುತ್ತ ಜನವರಿ ಬಂತು. ಜನವರಿಯ ಜೊತೆ ಚಳಿ ಬಂತು. ಅಂಥ ಚಳಿ ಬಿದ್ದ ಒಂದು ಬೆಳಿಗ್ಗೆ ನಾನು ಡೇರಿಗೆ ಹಾಲು ಕೊಟ್ಟು ನಡೆದು ಮನೆಗೆ ಬಂದರೆ, ಪರಿಮಳಾ ಸಂತೋಷದಿಂದ ಬಾಗಿಲಲ್ಲೇ ನಿಂತಿದ್ದಳು.

“ನಾಗಿ ಬಂದಿತ್ತು. ಸೌಮ್ಯನ್ನ ಆಸ್ಪತ್ರೆಯಿಂದ ನಿನ್ನೆ ಮನೆಗೆ ಕರ್ಕಂಡು ಬಂದ್ವಡ, ಹೆಣ್ಣು ಮಗು. ತುಪ್ಪ ಕೇಳ್ತು. ಕೊಟ್ಟು ಕಳಿಸ್ದಿ.”

“ಯಾವ ತುಪ್ಪ?”

“ನಿಂಗ ತೆಗದಿಟ್ಟಿದ್ದು. ಶೆಡ್ಡಿನ ಕ್ಯಾನಲ್ಲಿ ಇತ್ತಲಿ, ಎಷ್ಟು ಚಂದ ಕಟ್ಟಿತ್ತು. ಪಾತ್ರೆ ತುಂಬ ತೋಡಿ ಕೊಟ್ಟಿ.”

ಶೆಡ್ಡಿಗೆ ಓಡಿದೆ. ಉಳಿದ ಡೀಸೆಲ್ ತುಂಬಿಟ್ಟಿದ್ದ ಮೂರು ಅಗಲ ಬಾಯಿಯ ಕ್ಯಾನುಗಳ ಮೇಲೆ ನಾನೇ ಇಂಗ್ಲಿಷಿನಲ್ಲಿ ‘ಬಿ ೧೦೦’ ಎಂದು ಬರೆದಿದ್ದೆ, ತಜ್ಞರ ಭಾಷೆಯಲ್ಲಿ ನೂರಕ್ಕೆ ನೂರು ಜೈವಿಕ ಡೀಸೆಲ್ ಎಂದು ಅರ್ಥ. ‘ವಿಷ’ ಎಂದು ಕನ್ನಡದಲ್ಲಿ ಎರಡು ಅಕ್ಷರ ಬರೆದಿದ್ದರೆ ಸಾಕಿತ್ತು. ಒಂದು ಕ್ಯಾನಿನ ಮುಚ್ಚಳ ತೆಗೆದು ನೋಡಿದೆ. ಒಳಗೆ ನನ್ನ ಡೀಸೆಲ್ ಬೆಳ್ಳಗೆ, ಗಟ್ಟಿಯಾಗಿ, ಥೇಟ್ ಉಪ್ಪಾಗೆ ತುಪ್ಪವಾಗಿ ಕುಳಿತಿತ್ತು. ನಡುವೆ ಪರಿಮಳಾ ಸೌಟಿನಿಂದ ತೋಡಿದ ಗುಳಿ.

ಚಳಿಗೆ ತುಪ್ಪ ಗಟ್ಟಿಯಾಗುತ್ತದೆ. ನಮ್ಮ ಮನೆಯ ಬೆಕ್ಕಿಗೂ ಗೊತ್ತಿರುವ ಈ ಸಂಗತಿ ಬಿಎಸ್ಸಿ ಎರಡನೇ ದರ್ಜೆಗೆ ಹೊಳೆದಿರಲಿಲ್ಲ.

ಅದರಲ್ಲಿ ತೊಳೆಯದೆ ಉಳಿದ ಮೆಥನಾಲ್ ಇತ್ತು, ಕಾಸ್ಟಿಕ್ ಸೋಡಾ ಇತ್ತು. ಮೆಥನಾಲ್ ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ, ಹೆಚ್ಚಾದರೆ ಜೀವ ಹೋಗುತ್ತದೆ ಎಂದು ಬಿಎಸ್ಸಿಯಲ್ಲೇ ಓದಿದವನು ನಾನು. ಹಸಿ ಬಾಣಂತಿ, ಬಿಸಿ ಅನ್ನ, ಅದರ ಮೇಲೆ ಒಂದು ಚಮಚ ನನ್ನ ಸಂಶೋಧನೆ.

ಸೌಮ್ಯಳಿಗೆ ಫೋನು ಹಚ್ಚಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು. ನಾಗಿಯ ಮನೆ ಯಾವತ್ತು ವ್ಯಾಪ್ತಿ ಪ್ರದೇಶದ ಒಳಗಿತ್ತು? ಜೀಪಿಗೆ ಹಾರಿ ಕೀಲಿ ತಿರುಗಿಸಿದೆ. ಎಂಜಿನು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಟ್ಯಾಂಕಿನಿಂದ ಫಿಲ್ಟರಿನವರೆಗೆ ನನ್ನ ಡೀಸೆಲ್ ಚಳಿಗೆ ಕಟ್ಟಿಹೋಗಿತ್ತು. ಇಳಿದು ಬೈಕು ಒದ್ದೆ. ಒದ್ದೆ, ಒದ್ದೆ, ಹದಿಮೂರು ಸಲ ಒದ್ದೆ. ದೀಪಾವಳಿಯಿಂದ ನಿಂತಿದ್ದ ಅದರ ಟ್ಯಾಂಕಿನಲ್ಲಿ ಎಥೆನಾಲ್ ಮತ್ತೆ ನೀರು ಕುಡಿದು ಕುಳಿತಿತ್ತು. ಸರಕಾರದ ಜೈವಿಕ ಇಂಧನವೂ ಕೈಕೊಟ್ಟಿತು, ನನ್ನ ಜೈವಿಕ ಇಂಧನವೂ ಕೈಕೊಟ್ಟಿತು. ಲುಂಗಿ ಎತ್ತಿ ಕಟ್ಟಿ ಓಡಿದೆ.

ಐವತ್ನಾಲ್ಕರ ವಯಸ್ಸಿನಲ್ಲಿ ಬೆಟ್ಟ ಹತ್ತಿ ಓಡುವುದು ನೋಡುವವರಿಗೆ ಚೆಂದ. ಒಂದು ಚಪ್ಪಲಿ ಹಳ್ಳ ದಾಟುವ ಸಂಕದ ಹತ್ತಿರ ಉಳಿಯಿತು. ಸೊಪ್ಪಿನ ಹೊರೆ ಕಟ್ಟುತ್ತಿದ್ದ ಕೆರಿಯ ನನ್ನನ್ನು ನೋಡಿ ಕತ್ತಿ ಬಿಟ್ಟು ಎದ್ದ. ಅವನು ನಾಗಿಯ ನೆರೆಮನೆಯವನು. ಏನೂ ಕೇಳದೆ ನನ್ನ ಜೊತೆಗೇ ಓಡತೊಡಗಿದ. ಸ್ವಲ್ಪ ದೂರ ಓಡಿದ ಮೇಲೆ, “ಕಾಟಿಯಾ ಹೆಗಡೇರೇ? ಎಷ್ಟಿದ್ದಾವೆ?” ಎಂದ. ಕಾಡುಕೋಣ ಅಟ್ಟಿಸಿಕೊಂಡು ಬಂದಿದೆ ಎಂದು ತಿಳಿದಿದ್ದ.

“ತುಪ್ಪ!” ಎಂದೆ, ಉಸಿರಿಲ್ಲದೆ.

“ತುಪ್ಪನಾ?” ಎಂದು ಅವನು ನಿಂತ. ಹಿಂದೆ ತಿರುಗಿ ನೋಡಿದ. ತುಪ್ಪದ ಸುಳಿವು ಕಾಣದೆ ತಲೆ ಕೆರೆದುಕೊಂಡು ಹೊರೆಯ ಹತ್ತಿರ ವಾಪಸು ಹೋದ.

ಬೆಟ್ಟದ ನೆತ್ತಿಯ ಕೆಳಗೆ ದೊಡ್ಡ ಉಪ್ಪಾಗೆ ಮರ ಸಿಗುತ್ತದೆ. ಉಸಿರು ಸಿಗದೆ ಅದನ್ನು ಹಿಡಿದು ನಿಂತೆ. ಮೇಲೆ ನೋಡಿದರೆ ಅರ್ಧ ಮರವೇ ಇರಲಿಲ್ಲ. ಉದುರುವುದನ್ನು ಕಾಯುತ್ತಿದ್ದ ಜನ, ಕಿಲೋಗೆ ಇಷ್ಟು ಎಂದು ನಾನು ಸಾರಿದ ಮೇಲೆ, ನೆರೆಯವರು ಹೆಕ್ಕುವ ಮುಂಚೆ ತಾವು ಎಂದು ಹೆರೆ ಕೊಂಬೆಗಳನ್ನೇ ಕಡಿದು ಕಾಯಿ ಕೊಯ್ದಿದ್ದರು. ಸುತ್ತಲಿನ ಸಣ್ಣ ಮರಗಳು ಬುಡದಲ್ಲೇ ತುಂಡಾಗಿದ್ದವು. ಸಿಪ್ಪೆ ಒಣಗಿಸಲು, ಆಮೇಲೆ ನನ್ನ ಡ್ರಮ್ಮಿನ ಕೆಳಗೆ ಉರಿಸಲು ಬಂದ ಕಟ್ಟಿಗೆ ಇಲ್ಲಿಯದೇ. ಪರಿಮಳಾ ಕೇಳಿದ ಪ್ರಶ್ನೆಗೆ ಉತ್ತರ ಎದುರಿಗಿತ್ತು. ನನಗೆ ಅಳು ಬಂತು. ಅಳಲು ಹೊತ್ತಿರಲಿಲ್ಲ, ಮತ್ತೆ ಓಡಿದೆ.

ನಾಗಿಯ ಅಂಗಳಕ್ಕೆ ಹೊಕ್ಕರೆ ದೋಸೆಯ ವಾಸನೆ. ಈ ಸಲ ನಿಜವಾದ ದೋಸೆಯದು. ಜಗಲಿಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡ ಸೌಮ್ಯ ತಾಟು ಹಿಡಿದು ಕುಳಿತಿದ್ದಳು. ದೋಸೆಯ ಮೇಲೆ ಬೆಳ್ಳಗೆ ಏನೋ ಇತ್ತು. ತುತ್ತು ಬಾಯಿಯ ಹತ್ತಿರ ಹೋಗಿತ್ತು.

“ತಿನ್ನಬೇಡ!” ಎಂದು ಕೂಗಿ ಹಾರಿ ತಾಟನ್ನು ಕಿತ್ತುಕೊಂಡೆ. ದೋಸೆ ಅಂಗಳಕ್ಕೆ ಬಿತ್ತು. ಮಗು ಎದ್ದು ಕಿರುಚಿತು. ನಾಯಿ ಬಂದು ದೋಸೆ ಮೂಸಿತು. “ನಾಯೀನೂ ತಿನ್ನಬಾರ್ದು!” ಎಂದು ನಾಯಿಯನ್ನೂ ಅಟ್ಟಿದೆ.

ಸೌಮ್ಯ ಬಾಯಿ ತೆರೆದುಕೊಂಡೇ ಇದ್ದಳು. “ಕಾಯಿ ಚಟ್ನಿ ತಿಂದ್ರೆ ಎಂತ ಆಗ್ತದೆ ಹೆಗಡೇರೇ?” ಎಂದಳು.

ಬಗ್ಗಿ ನೋಡಿದೆ. ಕಾಯಿ ಚಟ್ನಿಯೇ.

ನಾಗಿ ಸೌಟು ಹಿಡಿದು ಹೊರಗೆ ಬಂದಳು. ನಾನು ತಂಬಿಗೆ ನೀರು ಕುಡಿದು, ಮೆಥನಾಲ್, ಕಾಸ್ಟಿಕ್ ಸೋಡಾ, ಕಣ್ಣು, ಜೀವ ಎಂದು ತುಂಡು ತುಂಡಾಗಿ ಹೇಳುವವರೆಗೆ ತಾಳ್ಮೆಯಿಂದ ಕೇಳಿದಳು.

“ನಂಗೆ ಮೂಗಿಲ್ವೇನ್ರಾ?” ಎಂದಳು. “ದಾರಿ ಮೇಲೇ ಮುಚ್ಚಳ ತೆಗ್ದೆ. ಪೇಂಟು ಡಬ್ಬಿ ನಾತ ಬಂತು. ನಲವತ್ತು ವರ್ಷ ತುಪ್ಪ ಕಾಯ್ಸಿದ್ದು ಸುಮ್ನೇನಾ? ನಿಮ್ಮನೆ ಅಮ್ಮ ಅಷ್ಟು ಪ್ರೀತಿಯಿಂದ ತುಂಬಿ ಕೊಟ್ರು, ವಾಪಸ್ ತಂದ್ರೆ ಬೇಜಾರ್ ಮಾಡ್ಕಳ್ತ್ರೇನೋ ಅಂತ ಸುಮ್ನೆ ತಂದೆ.”

“ಈಗ ಎಲ್ಲಿದೆ ಅದು?”

“ಒಲೆಗೆ ಹಾಕ್ದೆ. ಕಟ್ಟಿಗೆ ಹಸಿ, ಹತ್ತೂದೇ ಇಲ್ಲ. ಒಂದು ಸೌಟು ಹಾಕೂಕೆ ಭಗ್ ಅಂತು.” ಸ್ವಲ್ಪ ಯೋಚಿಸಿ, ನ್ಯಾಯವಾಗಿ, “ಉರಿಸೂಕೆ ಚಲೋ ಐತೆ,” ಎಂದಳು.

ನನ್ನ ಇಂಧನಕ್ಕೆ ಸಿಕ್ಕ ಒಂದೇ ಒಂದು ಪ್ರಾಮಾಣಿಕ ಪ್ರಮಾಣಪತ್ರ ಅದು. ನಾನು ಜಗಲಿಯ ಮೇಲೆ ಕುಸಿದು ಕುಳಿತೆ. ಯಾರಿಗೂ ಏನೂ ಆಗಿಲ್ಲ, ಗೆದ್ದೆ ಎಂದುಕೊಂಡೆ. ಎದ್ದು ಹೊರಡಬೇಕು ಎನ್ನುವಾಗ ನಾಗಿ ಕೇಳಿದಳು.

“ಹಂಗಾದ್ರೆ ನನ್ನ ನಾಕು ಕೇಜಿ ಎಲ್ಲಿ?”

ಸುಳ್ಳು ಹೇಳಲು ಎರಡು ಮೂರು ದಾರಿ ಹೊಳೆದವು. ಆದರೆ ಓಡಿ ಬಂದ ಎದೆಗೆ ಸುಳ್ಳು ಹೇಳುವಷ್ಟು ಉಸಿರಿರಲಿಲ್ಲ. “ಡ್ರಮ್ಮಿಗೆ ಹಾಕಿಬಿಟ್ಟೆ ನಾಗಕ್ಕ,” ಎಂದೆ. “ಪೇಪರಿನವರು ಬಂದ ದಿನ. ಸ್ವಲ್ಪ ಕಡಿಮೆ ಬಿದ್ದಿತ್ತು.”

ಅವಳು ಸೌಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡು ಕೇಳಿದಳು. “ನಾಕು ಕೇಜಿಯಾಗೆ ಜೀಪು ಎಷ್ಟು ದೂರ ಹೋಗ್ತದೆ?”

“ಹತ್ತತ್ರ ನಲವತ್ತು ಕಿಲೋಮೀಟರು.”

“ಅಂದ್ರೆ ಎಲ್ಲಿವರಿಗೆ?”

“ಶಿರಸಿಗೆ. ಹೋಗೂಕೆ ಮಾತ್ರ.”

“ಹೋಗಿದ್ರಾ?”

“ಹೋಗಿದ್ದೆ.”

“ಎಂತ ಕೆಲಸ ಇತ್ತು?”

ನನ್ನ ಫೋಟೋ ಬಂದ ದಿನ ಸಿದ್ದಾಪುರದಲ್ಲಿ ಪೇಪರ್ ಖಾಲಿಯಾಗಿತ್ತು. ಖಾಲಿ ಮಾಡಿದವನು ನಾನೇ. ನೆಂಟರಿಗೆ ಕೊಡಲು ಇನ್ನೂ ಹತ್ತು ಪ್ರತಿ ಬೇಕಿತ್ತು. “ಪೇಪರ್ ತರೂಕೆ,” ಎಂದೆ.

ಸೌಮ್ಯ ತಲೆ ತಗ್ಗಿಸಿ ಮಗುವಿನ ಬಟ್ಟೆ ಸರಿಮಾಡತೊಡಗಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ. ನಾಗಿ ಒಳಗೆ ಹೋದಳು. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಮೊದಲು ಆಗಿರಲಿಲ್ಲ. ಒಂದೇ ಚಪ್ಪಲಿಯಲ್ಲಿ ಬೆಟ್ಟ ಇಳಿದು ಮನೆಗೆ ಬಂದೆ. ಪರಿಮಳಾಗೆ ಎಲ್ಲ ಹೇಳಿದೆ. ಅವಳು ಸೌಟು ತಿಕ್ಕಿ ತಿಕ್ಕಿ ತೊಳೆದು, ಕೊನೆಗೆ ಅದನ್ನು ಎಸೆದೇ ಬಂದಳು. ತಾನೇ ಕೈಯಾರೆ ವಿಷ ತುಂಬಿ ಕೊಟ್ಟೆನಲ್ಲ ಎಂದು ಸಂಜೆಯವರೆಗೆ ಒಬ್ಬಳೇ ಗೊಣಗುತ್ತಿದ್ದಳು.

ಮರುದಿನ ಮೊದಲ ಬಸ್ಸಿಗೆ ತುಪ್ಪ ಹುಡುಕಲು ಹೊರಟೆ. ಸಿದ್ದಾಪುರದಲ್ಲಿ ಇರಲಿಲ್ಲ. ಶಿರಸಿಯ ಪೇಟೆಯಲ್ಲಿ ಮುರುಗಲ ತುಪ್ಪ ಇತ್ತು, ಉಪ್ಪಾಗೆಯದು ಇರಲಿಲ್ಲ. ಅಂಗಡಿಯವರೆಲ್ಲ ಒಂದೇ ಮಾತು ಹೇಳಿದರು, ಈ ವರ್ಷ ಬೀಜವೇ ಉಳಿಯಲಿಲ್ಲ ಎಂದು. ಯಲ್ಲಾಪುರದ ಬಸ್ಸು ಹತ್ತಿ ಮಂಚಿಕೇರಿಯಲ್ಲಿ ಇಳಿದೆ. ಜೇನುತುಪ್ಪ, ಹಪ್ಪಳ, ಕೋಕಂ ಮಾರುವ ಒಂದು ಸಣ್ಣ ಅಂಗಡಿ. ಗೀತಾ ಎಂಬಾಕೆ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದಳು.

“ಉಪ್ಪಾಗೆ ತುಪ್ಪನ?” ಎಂದಳು. “ಈ ವರ್ಷ ಎಲ್ಲಿ ಬಂತು ಮಾರಾಯ್ರೆ. ಸಿದ್ದಾಪುರ ಬದಿ ಯಾರೋ ತಜ್ಞನಡ, ಬೀಜದಲ್ಲಿ ಡೀಸೆಲ್ ಮಾಡ್ತೆ ಹೇಳಿ ಪೇಪರಲ್ಲಿ ಹಾಕ್ಸಿಕಂಡಿದ್ದ. ಆಮೇಲೆ ವ್ಯಾಪಾರಿ ಬಂದು ಎಲ್ಲಾ ಬಳ್ಕಂಡು ಹೋದ. ಫೋಟೋ ನೋಡಿದ್ದಿ ಆನು. ಕಣ್ಣು ಮುಚ್ಚಿಕಂಡಿದ್ದ. ಕಣ್ಣು ಮುಚ್ಚಿಕಂಡೇ ಮಾಡಿದ್ದ ಕೆಲಸ ಅದು, ಅಲ್ದನ?”

“ಹೌದು ಹೌದು,” ಎಂದೆ. ಗುರುತು ಹಿಡಿಯಬಾರದೆಂದು ಕಣ್ಣನ್ನು ಆದಷ್ಟು ಅಗಲವಾಗಿ ತೆರೆದುಕೊಂಡು ನಿಂತಿದ್ದೆ. “ಅಂಥವರನ್ನು ನಂಬಬಾರದು. ನಮ್ಮ ಕಡೆ ಒಂದು ಬಾಣಂತಿ ಇದೆ, ಅದಕ್ಕೆ ಕೇಳಿದೆ.”

ಬಾಣಂತಿ ಎಂದ ಕೂಡಲೇ ಅವಳ ಮುಖ ಬದಲಾಯಿತು. ಒಳಗಿನಿಂದ ತನ್ನ ಅತ್ತೆಯ ಭರಣಿ ತಂದು, ತಳದಲ್ಲಿ ಉಳಿದಿದ್ದ ಹೋದ ವರ್ಷದ ತುಪ್ಪವನ್ನು ಕೆರೆದು ಕೆರೆದು ಒಂದು ಉಂಡೆ ಮಾಡಿದಳು. ಅರ್ಧ ಕಿಲೋ ಕೂಡ ಇರಲಿಲ್ಲ. ದುಡ್ಡು ಕೊಡಹೋದರೆ, “ಬಾಣಂತಿಗೆ ಹೇಳಾದ್ರೆ ಬ್ಯಾಡ,” ಎಂದಳು.

ಅದನ್ನು ತೊಡೆಯ ಮೇಲಿಟ್ಟುಕೊಂಡು ಮೂರು ಬಸ್ಸು ಬದಲಿಸಿ ವಾಪಸು ಬಂದೆ. ಮರುದಿನ ಬೆಳಿಗ್ಗೆ ನಡೆದೇ ಬೆಟ್ಟ ಹತ್ತಿ ನಾಗಿಯ ಜಗಲಿಗೆ ಹೋದೆ. ಜೊತೆಗೆ ಪರಿಮಳಾ ಕೊಟ್ಟ ಕಾಳುಮೆಣಸು ಇತ್ತು, ಹಪ್ಪಳವಿತ್ತು. ಪೇಪರಿನ ಉಳಿದ ಪ್ರತಿಗಳನ್ನೂ ತಂದಿದ್ದೆ, ಒಲೆ ಹತ್ತಿಸಲು ಆಗಲಿ ಎಂದು. ನಾಗಿ ಎಲೆ ಬಿಚ್ಚಿ ಮೊದಲು ಮೂಸಿದಳು. ಉಗುರಿನಿಂದ ಚೂರು ತೆಗೆದು ಅಂಗೈಗೆ ತಿಕ್ಕಿ ಮತ್ತೊಮ್ಮೆ ಮೂಸಿದಳು. ನಾನು ಪರೀಕ್ಷೆಯ ಫಲಿತಾಂಶಕ್ಕೆ ನಿಂತಂತೆ ನಿಂತಿದ್ದೆ.

“ಯಾರು ಕಾಯ್ಸಿದ್ದೋ, ಚಲೋ ಕಾಯ್ಸಿದಾರೆ,” ಎಂದಳು. “ಎಲ್ಲಿಂದ ತಂದ್ರಿ?”

“ಮಂಚಿಕೇರಿಯಿಂದ.”

“ಜೀಪಲ್ಲಿ ಹೋಗಿದ್ರಾ?”

“ಬಸ್ಸಲ್ಲಿ.”

ಅವಳು ಮೊದಲ ಸಲ ನಕ್ಕಳು. ಉಂಡೆಯನ್ನು ತೂಗುವಂತೆ ಕೈಯಲ್ಲಿ ಎತ್ತಿ ನೋಡಿದಳು. “ಹದಿನೈದು ದಿನಕ್ಕೆ ಸಾಕು. ಆಮೇಲಿಂದು ಆಮೇಲೆ,” ಎಂದು ಒಳಗೆ ನಡೆದಳು. ಬಾಗಿಲ ಹತ್ತಿರ ನಿಂತು ತಿರುಗಿದಳು. “ಮುಂದಿನ ಆಷಾಢಕ್ಕೆ ಬೀಜ ಒಂದು ಕಾಳೂ ಕೊಡೂದಿಲ್ಲ. ನಿಮಗೆ ಮನಸಿದ್ರೆ ಬಂದು ಹೆಕ್ಕಿ. ಬಿದ್ದಿದ್ದು ಮಾತ್ರ.”

“ಬರ್ತೇನೆ,” ಎಂದೆ.

ಸ್ವಲ್ಪ ಹೊತ್ತಿಗೆ ಎರಡು ತಾಟು ಬಂದವು. ಸೌಮ್ಯಳ ತಾಟಿನಲ್ಲಿ ಬಿಸಿ ದೋಸೆಯ ಮೇಲೆ ತುಪ್ಪ ಕರಗಿ ಅಂಚಿನವರೆಗೆ ಹರಿದಿತ್ತು. ಆ ಪರಿಮಳಕ್ಕೆ ನನ್ನ ಬಾಯಲ್ಲಿ ನೀರೂರಿತು. ಐವತ್ನಾಲ್ಕು ವರ್ಷದ ಅಭ್ಯಾಸ, ನಾಚಿಕೆಗೂ ಕೇಳುವುದಿಲ್ಲ. ಸೌಮ್ಯ ಉಂಡೆಯ ಕಡೆ ಕೈ ತೋರಿಸಿ, “ಹೆಗಡೇರಿಗೂ ಚೂರು ಹಾಕೇ ಅಬ್ಬೆ,” ಎಂದಳು.

ನಾಗಿ ನನ್ನ ತಾಟನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು. ಉಂಡೆಯನ್ನು ಎಲೆಯಲ್ಲಿ ಸುತ್ತಿ ಎತ್ತಿಟ್ಟಳು.

“ಹೆಗಡೇರಿಗೆ ಚಟ್ನಿ ಸಾಕು,” ಎಂದಳು.

ನಾನು ತಿಂದೆ. ಚಟ್ನಿ ಚೆನ್ನಾಗಿತ್ತು.